ಅಣ್ಣನ ಗಾಡಿಯೊಳಗಿನ ನೀರು

ಆ ಸಂಜೆ ಆಫೀಸಿನಿಂದ ಬಂದಾಗ ನಮ್ಮ ಸೊಸೈಟಿಯ ವಾಚ್‌ಮನ್ ಗೇಟಿನಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದ. ಮಧ್ಯಾಹ್ನದಿಂದ ನಿಮ್ಮ ಗಾಡಿ ಒಂದೇ ಸಮನೆ ಕೂಗಿಕೊಂಡಿತು, ಆಮೇಲೆ ನಾಲ್ಕೂ ಕಿಟಕಿ ತಾನೇ ಇಳಿಸಿಕೊಂಡು ಸುಮ್ಮನಾಯಿತು ಎಂದು ಮರಾಠಿಯಲ್ಲಿ ದೂರು ಹೇಳಿದ. ಮೇ ತಿಂಗಳ ಅಕಾಲದ ಮಳೆ ಆಗಷ್ಟೇ ನಿಂತಿತ್ತು. ನಮ್ಮ ಪಾರ್ಕಿಂಗ್ ಜಾಗಕ್ಕೆ ಮೇಲೆ ಸೂರಿಲ್ಲ. ಎಡಗಡೆಯ ಮುಂದಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟೆ. ಬೂಟಿನೊಳಗೆ ನೀರು ಬಂತು. ಕಿಟಕಿಯಿಂದ ಬಿದ್ದ ಮಳೆ ಇಷ್ಟು ಇರಲಾರದು ಎಂದು ಅನ್ನಿಸಿತು, ಏಕೆಂದರೆ ಆ ನೀರಿಗೆ ಆಗಲೇ ಹಳೆಯ ವಾಸನೆ ಇತ್ತು.

ಗಾಡಿ ಅಣ್ಣನದು. ಕ್ಯಾಂಪ್ ಪೇಟೆಯಲ್ಲಿ ಅವನ ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಕೊಂಡ ಜರ್ಮನ್ ಗಾಡಿ. ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಹಾಕಿದ ಹಾಗೆ ಸದ್ದು ಬರಬೇಕು ಎನ್ನುವುದು ಅವನ ಏಕೈಕ ಷರತ್ತಾಗಿತ್ತು. ಹೋದ ದೀಪಾವಳಿ ಮುಗಿದ ಕೆಲವೇ ದಿನಕ್ಕೆ ಅವನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಕುಳಿತಂತೆಯೇ ಹೋದ. ಆ ದಿನವನ್ನು ನಾನು ಕುರ್ಚಿಗಳ ಚಿಂತೆಯಲ್ಲಿ ಕಳೆದೆ. ನಮ್ಮೂರು ಧಾರವಾಡದಿಂದ ಬರುವವರಿಗೆ ಕುರ್ಚಿ ಸಾಲುತ್ತವೆಯೇ, ಶಾಮಿಯಾನದವನು ಇನ್ನಷ್ಟು ಕೊಡುತ್ತಾನೆಯೇ, ವಯಸ್ಸಾದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಜಾರಿ ಬಿದ್ದರೇನು ಗತಿ. ಕುರ್ಚಿಗಳು ಸಾಕಾದವು, ಯಾರೂ ಬೀಳಲಿಲ್ಲ. ಎಲ್ಲರೂ ಹೋದ ಮೇಲೆ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗೆ ಇದ್ದೆ. ಆ ಸೂಜಿಯ ಪರಿಣಾಮ ಸಂಜೆಗೆ ಇಳಿಯುತ್ತದೆ. ನನ್ನದು ಇಳಿಯಲಿಲ್ಲ.

ಮನೆಯಲ್ಲಿ ಉಳಿದವರು ಮೂವರು. ನಾನು, ನನ್ನ ಹೆಂಡತಿ, ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ. ಅವರಿಗೆ ಮಕ್ಕಳಿಲ್ಲ. ಇಷ್ಟು ವರ್ಷ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಿದ್ದ ವೈನಿಗೆ ಈಗ ಇಂದಾಪುರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು, ಇರಲಿಕ್ಕೆ ಕ್ವಾರ್ಟರ್ಸೂ ಇತ್ತು. ಜೂನಿನಲ್ಲಿ ಸೇರಬೇಕು. ಕಾಲೇಜು ಊರ ಹೊರಗೆ ಕಬ್ಬಿನ ಹೊಲಗಳ ನಡುವೆ ಇದೆ. ಸರಕಾರಿ ಎಸ್‌ಟಿ ಬಸ್ಸು ಊರಿನ ಸ್ಟ್ಯಾಂಡಿಗೆ ತಂದು ಬಿಟ್ಟು ಕೈ ತೊಳೆದುಕೊಳ್ಳುತ್ತದೆ, ಅಲ್ಲಿಂದ ಮುಂದೆ ದೇವರಿದ್ದಾನೆ. ಹಾಗಾಗಿ ಗಾಡಿ ಇದ್ದರೆ ಹೋಗುತ್ತೇನೆ, ಇಲ್ಲದಿದ್ದರೆ ಬರುವುದಿಲ್ಲವೆಂದು ಅವರಿಗೆ ತಿಳಿಸಿಬಿಡುತ್ತೇನೆ ಎಂದು ವೈನಿ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದ್ದರು. ನನ್ನ ಹೆಂಡತಿ ಅವತ್ತು ಅರ್ಧ ರೊಟ್ಟಿ ಬಿಟ್ಟು ಎದ್ದಳು. ಅವರು ಹೋಗುವುದು ಅವಳಿಗೆ ಬೇಡವಾಗಿತ್ತು. ನನಗೂ ಬೇಡವಾಗಿತ್ತು. ವೈನಿ ಇರುವತನಕ ಆ ಮನೆ ಅಣ್ಣನ ಮನೆ. ಆಮೇಲೆ ಅದು ಇಬ್ಬರು ವಯಸ್ಸಾಗುತ್ತಿರುವವರು ಇರುವ ಫ್ಲ್ಯಾಟು.

ಲೆಕ್ಕ ಸರಳವಾಗಿತ್ತು. ಗಾಡಿ ಸರಿಹೋದರೆ ವೈನಿ ಹೋಗುತ್ತಾರೆ. ಸರಿಹೋಗದಿದ್ದರೆ ಇರುತ್ತಾರೆ.

ಸರ್ವಿಸ್ ಸೆಂಟರಿನವರು ನೋಡಿ, ಕಾಲ ಬಳಿಯ ಕಂಪ್ಯೂಟರ್ ಡಬ್ಬಿ ಮುಳುಗಿದೆ, ಈ ವಯಸ್ಸಿನ ಗಾಡಿಗೆ ಇಷ್ಟೆಲ್ಲ ಮಾಡುವುದಕ್ಕಿಂತ ಮಾರಿಬಿಡಿ ಎಂದರು. ನಮ್ಮ ಓಣಿಯ ಮೆಕ್ಯಾನಿಕ್ ಬಾನೆಟ್ಟಿನ ಮೇಲಿನ ಚಿಹ್ನೆ ನೋಡಿಯೇ ಕೈ ಮುಗಿದ. ಈ ಎರಡೂ ಸುದ್ದಿಯನ್ನು ನಾನು ಸಾಕಷ್ಟು ದುಃಖದ ದನಿಯಲ್ಲಿ ವೈನಿಗೆ ತಲುಪಿಸಿದೆ. ಅವರು ಟ್ಯೂಷನ್ ಹುಡುಗಿಯರ ಉತ್ತರ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಹಂಗಾರ ನೀವ ಮಾಡ್ರಲ್ಲ. ಹೆಂಗೂ ದಿನಾ ಮುಂಜಾನೆ ಹೋಗಿ ಅದನ್ನ ನೋಡ್ಕೋತ ನಿಂತಿರ್ತೀರಿ. ಕೈಯಾಗ ಬೋಲ್ಟ್ ಬಿಚ್ಚೂ ಪಾನಾ ಒಂದು ಹಿಡಕೊಂಡು ನಿಂತ್ರ ಆತು."

ಅಲ್ಲಿಯವರೆಗೆ ನಾನು ಆ ಗಾಡಿಗೆ ಮಾಡಿದ ಅತಿ ದೊಡ್ಡ ರಿಪೇರಿ ಎಂದರೆ ವೈಪರಿನ ರಬ್ಬರು ಬದಲಿಸಿದ್ದು. ಅದೂ ಒಂದನ್ನು ತಿರುಗಾಮುರುಗಾ ಹಾಕಿದ್ದೆ.

ಶನಿವಾರ ಸೀಟು ಬಿಚ್ಚಲು ಕುಳಿತೆ. ಜರ್ಮನ್ನರು ಬೋಲ್ಟಿನ ತಲೆಯನ್ನು ನಕ್ಷತ್ರದ ಆಕಾರದಲ್ಲಿ ಮಾಡಿರುತ್ತಾರೆ, ನನ್ನಂಥವರು ಬಿಚ್ಚಬಾರದು ಎಂದು. ಅದಕ್ಕೆ ತಕ್ಕ ಸ್ಕ್ರೂಡ್ರೈವರಿನ ತುದಿ, ಅಂದರೆ ‘ಬಿಟ್’, ಹುಡುಕಿ ಕ್ಯಾಂಪಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿದೆ. ಅಣ್ಣನ ಅಂಗಡಿಯ ಮುಂದಿನಿಂದಲೂ ಎರಡು ಸಲ ಹಾದುಹೋದೆ. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಕೊನೆಗೆ ಆ ಬಿಟ್ ಸಿಕ್ಕಿತು. ಸೀಟಿನ ಕೆಳಗೆ ಏರ್‌ಬ್ಯಾಗಿನ ಹಳದಿ ವಾಯರು ಇರುತ್ತದೆ, ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಕಾದ ಮೇಲೆಯೇ ಅದನ್ನು ಮುಟ್ಟಬೇಕು ಎಂದು ವೀಡಿಯೊದಲ್ಲಿ ಒಬ್ಬ ಬೋಳುತಲೆಯವನು ಜರ್ಮನ್ ಭಾಷೆಯಲ್ಲಿ, ಹೆಚ್ಚಾಗಿ ಕೈಸನ್ನೆಯಲ್ಲಿ, ತೋರಿಸಿದ್ದ. ನಾನು ಬ್ಯಾಟರಿ ಬಿಚ್ಚಿ ಮನೆಗೆ ಹೋಗಿ ಚಹಾ ಕುಡಿದೆ, ಪೇಪರು ಓದಿದೆ, ವಿಮೆಯ ಕಾಗದ ಯಾವ ಕಪಾಟಿನಲ್ಲಿದೆ ಎಂದು ಹೆಂಡತಿಗೆ ತೋರಿಸಿದೆ, ಆಮೇಲೆ ಹೋಗಿ ಮುಟ್ಟಿದೆ. ಏನೂ ಆಗಲಿಲ್ಲ.

ಕಾರ್ಪೆಟ್ಟಿನ ಕೆಳಗೆ ಮೂರು ಬೆರಳು ದಪ್ಪದ ಸ್ಪಂಜು ಇತ್ತು. ಅದು ನೀರು ಕುಡಿದು ಎಮ್ಮೆಯ ಹಾಗೆ ಮಲಗಿತ್ತು. ಸೀಟಿನ ಹಳಿಯ ಸಂದಿಯಲ್ಲಿ ಒಂದು ಅಡಿಕೆ ಹೋಳು, ಒಂದು ಅಂಗಿಯ ಗುಂಡಿ, ಮಡಚಿ ಮಡಚಿ ಸಣ್ಣದಾಗಿಸಿದ ಟೋಲಿನ ಚೀಟಿ ಸಿಕ್ಕವು. ಚೀಟಿ ಮಡಚುವುದು ಅಣ್ಣನ ಚಟ. ನೋಡಿದೆ, ಬದಿಗಿಟ್ಟೆ, ಸ್ಪಂಜು ಹಿಂಡಿದೆ. ಬಕೆಟ್ಟು ತುಂಬಿತು, ಚೆಲ್ಲಿದೆ, ಮತ್ತೆ ಹಿಂಡಿದೆ. ಮಾಡುವವನು ಬೇರೆ ಯಾರೋ, ನಾನು ಬಕೆಟ್ಟಿನ ಲೆಕ್ಕಕ್ಕೆ ನಿಂತವನು ಅನ್ನಿಸುತ್ತಿತ್ತು.

ಮುಳುಗಿದ ಡಬ್ಬಿಯನ್ನು ಬಿಚ್ಚಿ ಒಳಗಿನ ಹಸಿರು ತುಕ್ಕನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸ್ಪಿರಿಟ್ ಹಾಕಿ ಉಜ್ಜಿದೆ. ನೆನೆದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಟ್ಟರೆ ಒಣಗುತ್ತದೆಂದು ಎಲ್ಲರೂ ಹೇಳುತ್ತಾರಲ್ಲ, ಇದನ್ನೂ ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಹೂತೆ. ಹೇಳಲು ಮರೆತೆ. ಮರುದಿನ ಅಕ್ಕಿ ಅಳೆಯಲು ಕೈ ಹಾಕಿದ ಹೆಂಡತಿಗೆ ಅದು ಸಿಕ್ಕಿತು. ಅವಳು ಅದನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟು, ಇವತ್ತಿನ ಅನ್ನಕ್ಕೆ ಜರ್ಮನಿಯ ಒಗ್ಗರಣೆ ಎಂದಳು. ವೈನಿ ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು ಎಂದು ನನಗೆ ಹೊಳೆದದ್ದು ಕೈ ತೊಳೆಯುವಾಗ. ಸಂತೋಷವಾಗಬೇಕಿತ್ತು. ಡಬ್ಬಿಯ ತೂತಿನಲ್ಲಿ ಅಕ್ಕಿ ಕಾಳು ಸಿಕ್ಕಿಕೊಂಡಿರಬಹುದೇ ಎಂದು ಯೋಚಿಸುತ್ತಿದ್ದೆ.

ಡಬ್ಬಿ ಕೆಲಸ ಮಾಡಿತು. ಕಿಟಕಿಗಳು ಏರಿದವು, ಬಾಗಿಲು ಹೇಳಿದಾಗ ಹಾಕಿಕೊಂಡಿತು. ನೀರು ಬಾಗಿಲ ಸಂದಿಯಿಂದಲೇ ಬಂದಿದೆ ಎಂದು ತೀರ್ಮಾನಿಸಿ ಸುತ್ತಲೂ ಸಿಲಿಕಾನ್ ಬಳಿದೆ. ಮುಂದಿನ ಮಳೆಗೆ ಮತ್ತೆ ಅಷ್ಟೇ ನೀರು ಬಂತು, ಡಬ್ಬಿಯನ್ನು ಎತ್ತರಕ್ಕೆ ಕಟ್ಟಿದ್ದರಿಂದ ಅದೊಂದು ಉಳಿಯಿತು. ಈ ಸಲ ಬಾಗಿಲು ತೆಗೆಯುವುದೇ ಕಷ್ಟವಾಯಿತು, ನನ್ನ ಸಿಲಿಕಾನ್ ಅಷ್ಟು ಗಟ್ಟಿಯಾಗಿತ್ತು.

ಆಗ ವೈನಿಯೇ ಕೆಳಗಿಳಿದು ಬಂದರು. ಲೆಕ್ಕ ಬಿಡಿಸುವವರ ಸ್ವಭಾವವೇ ಅದು, ಒಂದೊಂದೇ ಕಡೆಯಿಂದ ನೀರು ಹೊಯ್ಯಿರಿ, ನಾನು ಒಳಗೆ ಕುಳಿತು ನೋಡುತ್ತೇನೆ ಎಂದರು. ಸೀಟಿಲ್ಲದ ಜಾಗದಲ್ಲಿ ತಲೆಕೆಳಗಾದ ಬಕೆಟ್ಟಿನ ಮೇಲೆ ಸೆರಗು ಸಿಕ್ಕಿಸಿ ಕುಳಿತರು. ನಾನು ಬಾಗಿಲಿಗೆ ಹೊಯ್ದೆ. ಒಳಗೆ ಏನಿಲ್ಲ. ಚಾವಣಿಗೆ ಹೊಯ್ದೆ. ಏನಿಲ್ಲ. ಮುಂದಿನ ಗಾಜಿಗೆ ಹೊಯ್ದೆ.

"ಬಂತ್ರಿ. ಮ್ಯಾಲಿಂದ ಧಾರಿ ಹತ್ತೇದ."

ಗಾಜಿನ ಬುಡದಲ್ಲಿ, ವೈಪರುಗಳು ಮಲಗುವ ಜಾಗದ ಕೆಳಗೆ, ಒಂದು ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ವೈಪರು ಬಿಚ್ಚಿ ಅದನ್ನು ಎತ್ತಿದೆ. ಅದರಡಿಯಲ್ಲಿ ಕೆರೆಯಿತ್ತು. ಮಳೆನೀರು ಹರಿದುಹೋಗಲು ಎರಡು ತೂತು ಇರಬೇಕಾದ ಕಡೆ ಕಪ್ಪು ಕೆಸರಿನ ಗಡ್ಡೆ. ಕೈ ಹಾಕಿ ಹಿಡಿಯಷ್ಟು ಕಿತ್ತೆ. ಕೆಸರಲ್ಲ. ಚೆಂಡು ಹೂವು. ಕೊಳೆತ ಚೆಂಡು ಹೂವು, ಮಾಲೆಯ ದಾರ, ಅಕ್ಷತೆ, ಗಾರೆಯ ಹಾಗೆ ಕಟ್ಟಿಕೊಂಡ ಕುಂಕುಮ.

ನಮ್ಮ ಮನೆಯ ಪದ್ಧತಿ ಒಂದನ್ನು ಇಲ್ಲಿ ಹೇಳಬೇಕು. ಖಂಡೆ ನವಮಿಯ ಆಯುಧಪೂಜೆಗಷ್ಟೇ ಅಲ್ಲ, ಧಾರವಾಡಕ್ಕೆ ಹೊರಟಾಗಲೆಲ್ಲ ಗಾಡಿಗೆ ಪೂಜೆ ಮಾಡುತ್ತಿದ್ದೆವು. ಪೂಜೆಯ ಹೂವು ಊರು ದಾಟುವ ಮೊದಲು ಬೀಳಬಾರದು, ಬಿದ್ದರೆ ಪ್ರಯಾಣಕ್ಕೆ ಒಳ್ಳೆಯದಲ್ಲ ಎಂಬುದು ನಮ್ಮ ಅವ್ವ ಹೇಳಿಕೊಟ್ಟದ್ದು. ಅವ್ವನ ಕಾಲದಲ್ಲಿ ಅದು ಎತ್ತಿನ ಕೋಡಿಗೆ ಕಟ್ಟಿದ ಹೂವು, ಬೀಳುತ್ತಿರಲಿಲ್ಲ. ಜರ್ಮನ್ ಗಾಡಿಯ ಬಾನೆಟ್ಟು ಎಣ್ಣೆ ಹಚ್ಚಿದ ಹಾಗೆ ನುಣುಪು. ಹಾಗಾಗಿ ನಾವೆಲ್ಲ ಹೂವನ್ನು ಗಾಜಿನ ಬುಡದ ಆ ಸಂದಿಗೆ ಬೆರಳಿನಿಂದ ಒತ್ತಿ ಒತ್ತಿ ತುರುಕುತ್ತಿದ್ದೆವು. ದೇವರಿಗೆಂದೇ ಮಾಡಿಸಿದ ಜಗುಲಿಯ ಹಾಗಿತ್ತು. ಅಣ್ಣ ಒತ್ತುತ್ತಿದ್ದ, ವೈನಿ ಒತ್ತುತ್ತಿದ್ದರು, ಹೆಂಡತಿ ಒತ್ತುತ್ತಿದ್ದಳು, ಎಲ್ಲರದಾದ ಮೇಲೆ ನಾನು ಯಾವುದಕ್ಕೂ ಇರಲಿ ಎಂದು ಇನ್ನೊಂದು ಸಲ ಒತ್ತುತ್ತಿದ್ದೆ. ಊರಂಚಿನ ಕಾತ್ರಜದ ಸುರಂಗ ದಾಟಿದ ಕೂಡಲೇ ಅಣ್ಣ ಗಾಜಿನತ್ತ ಗದ್ದ ಚಾಚಿ, ಒಂದೂ ಬಿದ್ದಿಲ್ಲ ನೋಡು ಎನ್ನುತ್ತಿದ್ದ. ಬೀಳದ ಹೂವು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ.

ವೈನಿ ಇಳಿದು ಬಂದು ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಇಷ್ಟೂ ನಾವು ಹಾಕಿದ್ದೇನ್ರಿ?"

"ಹೌದ್ರಿ ವೈನಿ."

ಅಡುಗೆಮನೆಯಿಂದ ತಂದ ಸೌಟಿನಿಂದ ಉಳಿದದ್ದನ್ನು ತೋಡಿದೆ. ತೂತು ತೆರೆದ ಕೂಡಲೇ ಗಾಡಿಯಡಿಯಿಂದ ಕೆಂಪು ನೀರು ಭಸಭಸ ಸುರಿದು ಪಾರ್ಕಿಂಗಿನ ಇಳಿಜಾರಿನಲ್ಲಿ ಹರಿದುಹೋಯಿತು. ಒಂದು ಚೀಲ ತುಂಬ ಹೂವಾಯಿತು. ನಿರ್ಮಾಲ್ಯವನ್ನು ಕಸಕ್ಕೆ ಹಾಕುವಂತಿಲ್ಲ, ನದಿಯ ಘಾಟಿನಲ್ಲಿ ಅದಕ್ಕೆಂದೇ ಇಟ್ಟಿರುವ ತೊಟ್ಟಿಗೆ ಹಾಕಿ ಬರುತ್ತೇನೆ ಎಂದು ಚೀಲದ ಬಾಯಿ ಕಟ್ಟತೊಡಗಿದೆ.

"ಬ್ಯಾಡ್ರಿ. ಕಸದ ಗಾಡಿಗೆ ಹಾಕ್ರಿ."

"ದೇವರ ಹೂವು ವೈನಿ."

"ದೇವರಿಗೆ ಮುಟ್ಟೂದು ಅವತ್ತ ಮುಟ್ಟೇದ. ಇದು ತೂತು ಮುಚ್ಚಿದ ಕಸ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ, ಗಾಡಿ ಆತೇನ್ರಿ ಎಂದು ಕೇಳಿದರು.

ಹೇಳಲು ನನ್ನ ಬಳಿ ಸಾಕಷ್ಟಿತ್ತು. ತುಕ್ಕು ಹಿಡಿದ ಡಬ್ಬಿ ಎಂದಾದರೂ ಕೈ ಕೊಡಬಹುದು. ಇಷ್ಟು ಕಾಲ ನೀರಲ್ಲಿದ್ದ ವಾಯರುಗಳು ಒಳಗೊಳಗೇ ತಿಂದುಹೋಗಿರಬಹುದು. ಇಂದಾಪುರದ ಹಾದಿಯಲ್ಲಿ ಹೆಂಗಸು ಒಬ್ಬಳೇ ನಿಂತುಬಿಟ್ಟರೆ? ಒಂದೂ ಸುಳ್ಳಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಚಿಂತೆಗಳಿಂದ ಏನಾದರೂ ಉಪಯೋಗವಾಗುವ ಹೊತ್ತು ಬಂದಿತ್ತು.

"ಇನ್ನೊಂದು ವರ್ಷ ಇದ್ದು ಹೋಗಬಹುದಿತ್ತು ನೀವು," ಎಂದೆ.

ವೈನಿ ಚೀಲ ನನ್ನ ಕೈಯಿಂದ ತೆಗೆದುಕೊಂಡು ಗಂಟು ಬಿಗಿದರು.

"ನಿಮಗ ಗೊತ್ತಿಲ್ಲ ಕಾಣಸ್ತದ. ನೀವು ಸಂಜಿಗೆ ಬಾಗಲದಾಗ ಬಂದು ಚಪ್ಪಲಿ ಬಿಡೂದು, ಕೆಮ್ಮೂದು, ಎಲ್ಲಾ ನಿಮ್ಮಣ್ಣನಂಗ ಅದ. ದಿನಾ ಒಂದು ಕ್ಷಣ ಅವರ ಬಂದ್ರು ಅನಸ್ತದ ನನಗ. ಆಮ್ಯಾಲೆ ನೀವು ಒಳಗ ಬರ್ತೀರಿ."

ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಇಷ್ಟು ತಿಂಗಳು ಅದೇ ಬಾಗಿಲಿನಿಂದ ಅದೇ ರೀತಿ ಒಳಗೆ ಬಂದಿದ್ದೆ. ಮನೆಗೆ ಬೇಗ ಬಂದರೆ ವೈನಿಗೆ ಧೈರ್ಯ ಎಂದು ಕೆಲವು ದಿನ ಮೊದಲೇ ಬಂದಿದ್ದೆ.

"ಗಾಡಿ ಆತು," ಎಂದೆ.

ಜೂನ್ ಶುರುವಾಗುವ ಹೊತ್ತಿಗೆ ವೈನಿ ಹೊರಟರು. ಹಿಂದಿನ ಸೀಟಿನಲ್ಲಿ ಹಾಸಿಗೆಯ ಸುರುಳಿ, ಕುಕ್ಕರು, ಪುಸ್ತಕದ ರಟ್ಟಿನ ಪೆಟ್ಟಿಗೆ. ಇಂದಾಪುರದ ತನಕ ಬಂದು ಬಸ್ಸಿನಲ್ಲಿ ಮರಳುತ್ತೇನೆ ಎಂದು ನಾನು ಪಕ್ಕದಲ್ಲಿ ಕುಳಿತೆ. ಹಡಪಸರದ ಬಡಾವಣೆ ದಾಟುವಷ್ಟರಲ್ಲಿ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮರಗಟ್ಟಿತ್ತು. ಲಾರಿ ಬಂತು ಎಂದೆ, ಹಂಪು ಎಂದೆ, ಕೆಂಪು ಬಸ್ಸಿನವರನ್ನು ನಂಬಬೇಡಿ ಎಂದೆ. ಒಂದು ಚಹಾದ ಅಂಗಡಿಯ ಮುಂದೆ ವೈನಿ ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದರು. ಚಹಾ ಕುಡಿಯಲು ಇರಬೇಕು ಎಂದುಕೊಂಡೆ.

"ಇಳೀರಿ," ಎಂದರು. "ನೀವು ಕುಂತ್ರ ನನಗ ಗಾಡಿ ನಡಸಾಕ ಬರೂದಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಇಳಿದೆ. ಬೇಸರ ಮಾಡಿಕೊಳ್ಳಲಿಲ್ಲ, ಅಥವಾ ಮಾಡಿಕೊಂಡೆನೋ ಏನೋ, ತಿಳಿಯಲಿಲ್ಲ. ವೈನಿ ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ಡ್ರೈವಿಂಗ್ ಪಾಠದಲ್ಲಿ ಹೇಳಿದ ಹಾಗೆ ಗಾಡಿಯನ್ನು ರಸ್ತೆಗೆ ಸೇರಿಸಿಕೊಂಡು ಹೋದರು. ನಾನು ಸಿಟಿ ಬಸ್ಸು ಹಿಡಿದು ಮನೆಗೆ ಬಂದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಹೆಂಡತಿ ಒಳಗಿನಿಂದ, ಇಷ್ಟು ಬೇಗ ಬಂದಿರಾ ಎಂದಳು.

ಆ ವರ್ಷ ಮಳೆ ಜೋರಾಗಿಯೇ ಬಿತ್ತು. ನಾಗರ ಪಂಚಮಿಗೆ ವೈನಿ ಬಂದರು, ಗಾಡಿಯ ತುಂಬ ಹೊಲದ ಕೆಸರು ಮೆತ್ತಿಕೊಂಡು. ಸ್ವಲ್ಪ ಕಪ್ಪಾಗಿದ್ದರು, ಕಾಲೇಜಿನ ಹುಡುಗಿಯರ ಸುದ್ದಿ ಹೇಳುತ್ತ ನನ್ನ ಹೆಂಡತಿಯ ಜೊತೆ ಶೇಂಗಾ ಉಂಡಿ ಕಟ್ಟಲು ಕುಳಿತರು. ನಾನು ಕೆಳಗೆ ಹೋಗಿ ಎಡಗಡೆಯ ಬಾಗಿಲು ತೆಗೆದು, ಕಾರ್ಪೆಟ್ಟಿನ ಅಂಚು ಎತ್ತಿ, ಸ್ಪಂಜಿನ ಕೆಳಗೆ ಮೊಣಕೈ ತನಕ ಕೈ ಹಾಕಿದೆ. ಹಪ್ಪಳದ ಹಾಗೆ ಒಣಗಿತ್ತು. ಮೂಲೆಯಲ್ಲಾದರೂ ತೇವ ಇರಬೇಕೆಂದು ಇನ್ನೂ ಒಳಗೆ ತಡಕಿದೆ. ಇರಲಿಲ್ಲ. ಕೈ ತೆಗೆಯದೆ ಹಾಗೆಯೇ ಕುಳಿತಿದ್ದೆ.

ಮೇಲಿನ ಕಿಟಕಿಯಿಂದ ವೈನಿ ಬಗ್ಗಿ ನೋಡಿದರು. "ಏನರ ಆಗೇದೇನ್ರಿ?"

"ಏನೂ ಆಗಿಲ್ರಿ ವೈನಿ," ಎಂದೆ.