ಬಾಂಬು ಬೇಡವೆಂದ ಹಿಡಿ ಜೋಳ

ಉಪ್ಪಿನಬೆಟಗೇರಿಯ ಶಾಂತಯ್ಯ ಹಿರೇಮಠರು ಲಕಮನಹಳ್ಳಿಯ ಪಂಪಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಂಡಿದ್ದು ನಿವೃತ್ತರಾದವರು. ಅಷ್ಟೇ ಆಗಿದ್ದರೆ ಅವರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಆದರೆ ಈ ಮನುಷ್ಯ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಣುಬಾಂಬಿನ ಬೆನ್ನು ಹತ್ತಿದ್ದರು. ದೊಡ್ಡ ದೊಡ್ಡ ಸರ್ಕಾರಗಳು ಎದೆಗವಚಿಕೊಂಡು ಕೂತ ವಸ್ತುವನ್ನು ಬೆಟಗೇರಿಯ ಅಯ್ಯನವರೊಬ್ಬರು ಕೆಳಗಿಡಿಸುತ್ತೇನೆಂದು ಹೊರಟರೆ ಊರು ನಗದೆ ಇರುತ್ತದೆಯೇ? ನಕ್ಕಿತು, ಆದರೆ ಅವರು ಓಣಿ ದಾಟಿದ ಮೇಲೆ.

ಶುರುವಾದದ್ದು ಪೋಖ್ರಾನಿನಲ್ಲಿ ಬಾಂಬು ಸಿಡಿಸಿದ ತೊಂಬತ್ತೆಂಟರ ವರ್ಷ. ಆಗ ಕಾರ್ಖಾನೆಯಲ್ಲಿ ಪೇಢೆ ಹಂಚಿದ್ದರು. ಶಾಂತಯ್ಯನವರೂ ತಿಂದರು, ಒಂದಲ್ಲ, ಎರಡು. ಆ ಆಗಸ್ಟಿನಲ್ಲಿ ಧಾರವಾಡಕ್ಕೆ ಹೋದಾಗ ಮಳೆ ಬಂತೆಂದು ಒಂದು ಸಭಾಭವನದೊಳಗೆ ನಿಂತರು. ಒಳಗೆ ಹಿರೋಶಿಮಾದ ಚಿತ್ರಗಳನ್ನು ತೂಗುಹಾಕಿದ್ದರು. ಮಳೆ ನಿಂತು ಎಷ್ಟೋ ಹೊತ್ತಾದರೂ ಅವರು ಹೊರಗೆ ಬರಲಿಲ್ಲ. ಮರುವರ್ಷದಿಂದ ಪ್ರತಿ ಆಗಸ್ಟ್ ಆರರಂದು ಜುಬಿಲಿ ಸರ್ಕಲ್ಲಿನಲ್ಲಿ ಫಲಕ ಹಿಡಿದು ನಿಲ್ಲುವ ಬೆರಳೆಣಿಕೆಯ ಜನರಲ್ಲಿ ಅವರೂ ಒಬ್ಬರಾದರು.

ಫಲಕ ಹಿಡಿದರೆ ಅವರಿಗೆ ಸಮಾಧಾನವಾಗಲಿಲ್ಲ. ಹಳ್ಳಿಯ ಮಾತು ಪೇಟೆಗೆ ಕೇಳಬೇಕು ಅನ್ನಿಸಿತು. ಅವರದು ಮಠಪತಿಗಳ ಮನೆತನ. ಅಪ್ಪ, ಅಜ್ಜ ಎಲ್ಲರೂ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದವರೇ. ಶಾಂತಯ್ಯನವರು ಅಟ್ಟದ ಮೇಲಿದ್ದ ಆ ಜೋಳಿಗೆಯನ್ನು ಇಳಿಸಿದರು. ಆಗಸ್ಟ್ ಆರಕ್ಕೆ ಮೊದಲಿನ ಸೋಮವಾರ ಮಡಿ ಧೋತರ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ, ಬಾಗಿಲು ಬಾಗಿಲಿಗೆ ನಿಂತು, ಬಾಂಬು ಬೇಡ ಅನ್ನುವ ಮನೆಯಿಂದ ಒಂದು ಹಿಡಿ ಜೋಳ ಬೇಡಿದರು. ಕೊಡದ ಮನೆಯೇ ಇರಲಿಲ್ಲ. ಆ ಜೋಳವನ್ನು ಗಿರಣಿಗೆ ಹಾಕಿಸಿ, ರೊಟ್ಟಿ ಮಾಡಿಸಿ, ಸರ್ಕಲ್ಲಿನಲ್ಲಿ ಬಂದವರಿಗೆಲ್ಲ ಹಂಚುತ್ತಿದ್ದರು. “ಇದು ನಮ್ಮ ಇಡೀ ಊರಿನ ರೊಟ್ಟಿ ಐತ್ರಿ. ಒಂದ ಮನಿನೂ ಬಿಟ್ಟಿಲ್ಲ” ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು. ಜಗತ್ತಿನಲ್ಲಿ ಬಾಂಬನ್ನು ಒಕ್ಕೊರಲಿನಿಂದ ಬೇಡವೆಂದ ಊರು ಯಾವುದಾದರೂ ಇದ್ದರೆ ಅದು ತಮ್ಮದೇ ಎಂದು ಅವರು ನಂಬಿದರು. ಅವರ ಬಾಳಿನ ದೊಡ್ಡ ಗಳಿಕೆಯೆಂದರೆ ಈ ನಂಬಿಕೆಯೇ.

ಎರಡು ಸಾವಿರದ ಇಪ್ಪತ್ತೈದರ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡಿನ ಸದ್ದು ಎದ್ದಿತು. ಊರೆಲ್ಲ ಗುರುಶಿದ್ದಪ್ಪನ ಹತ್ತಿ ಅಂಗಡಿಯ ಟಿವಿಯ ಮುಂದೆ. ಗುರುಶಿದ್ದಪ್ಪ ಸಾಮಾನ್ಯನಲ್ಲ. ಎಲ್ಲರೂ ಹಿಡಿ ಜೋಳ ಕೊಟ್ಟರೆ ಅವನು ವರ್ಷವರ್ಷವೂ ಸೇರು ತುಂಬಿ ಕೊಟ್ಟವನು. ಅಂಥವನು ತೊಡೆ ತಟ್ಟಿ ಹೇಳಿದ: “ಒಂದ ಅಣುಬಾಂಬ್ ಒಗದ ಬಿಡಬೇಕ್ರಿ. ಒಮ್ಮೆಲೇ ಸಾಪ್ ಆಗಲಿ.” ಕೂತವರೆಲ್ಲ ಹೂಂಗುಟ್ಟಿದರು.

ಬಾಗಿಲಲ್ಲಿ ನಿಂತಿದ್ದ ಶಾಂತಯ್ಯನವರು ಕೇಳಿದರು: “ಗುರುಶಿದ್ದಪ್ಪ, ನೀ ಜೋಳಾ ಕೊಟ್ಟಾಂವ ಅಲ್ಲೇನೋ?”

ಗುರುಶಿದ್ದಪ್ಪ ಗಡಬಡಿಸಿ ಎದ್ದು ಕುರ್ಚಿ ಸರಿಸಿದ. “ಬರ್ರಿ ಅಯ್ಯಾರ, ಕುಂದರ್ರಿ. ಕೊಟ್ಟೇನಲ್ರಿ, ಈ ವರ್ಷಾನೂ ಕೊಡ್ತೇನಿ. ಅಯ್ಯಾರ ಜೋಳಗಿ ಬರಿದ ಕಳಿಸಿದ್ರ ಮನಿಗೆ ಛಲೋ ಅಲ್ರಿ. ನೀವು ಬಾಗಲಕ್ಕ ಬಂದ ನಿಂತ್ರ ಇಲ್ಲ ಅನ್ನಾಕ ಬರ್ತೈತೇನ್ರಿ?”

ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಭಕ್ತಿಯೇ ಇತ್ತು. ಅದೇ ಹೆಚ್ಚು ಚುಚ್ಚಿತು. ಜನ ಕೊಟ್ಟದ್ದು ಜೋಳಿಗೆಗೆ. ಬಾಂಬು ಬೇಕೋ ಬೇಡವೋ ಎಂದು ಊರಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲೇ ಇಲ್ಲ. ಶಾಂತಯ್ಯನವರು ಇಷ್ಟು ವರ್ಷ ಅಜ್ಜನ ಪುಣ್ಯವನ್ನು ತಮ್ಮ ಚಳವಳಿಯೆಂದು ಎಣಿಸಿಕೊಂಡು ತಿರುಗಿದ್ದರು. ಗುಂಡಿನ ಸದ್ದು ನಿಂತು ಟಿವಿ ತಣ್ಣಗಾದ ಮೇಲೂ ಅವರಿಗೆ ಊಟ ರುಚಿಸಲಿಲ್ಲ. ಊರಿನಲ್ಲಿ ತಮ್ಮ ಕಡೆ ನಿಜಕ್ಕೂ ಯಾರಾದರೂ ಇದ್ದಾರೆಯೇ ಎಂಬ ಒಂದೇ ಪ್ರಶ್ನೆ ತಲೆ ಕೊರೆಯುತ್ತಿತ್ತು.

ಆಗಸ್ಟಿನ ಸೋಮವಾರ ಬಂತು. ಅವರು ಜೋಳಿಗೆ ಮುಟ್ಟಲಿಲ್ಲ. ಪ್ಯಾಂಟು ಅಂಗಿ ಹಾಕಿ, ಸಂತೆಯ ಚೀಲ ಹಿಡಿದು ಹೊರಟರು. ಪ್ರತಿ ಬಾಗಿಲಲ್ಲೂ ಒಂದೇ ಮಾತು: “ನಾ ಇವತ್ತ ಅಯ್ಯಾ ಆಗಿ ಬಂದಿಲ್ಲವಾ. ಬಾಂಬ್ ಬ್ಯಾಡ ಅನ್ನಾವ್ರು ಅಷ್ಟ ಕೊಡ್ರಿ. ಇಲ್ಲಂದ್ರ ನನಗ ಬ್ಯಾಸರಿಲ್ಲ.” ಬ್ಯಾಸರವಿಲ್ಲ ಎಂದದ್ದು ಹಸಿ ಸುಳ್ಳು.

ಮೊದಲ ಮನೆಯ ಸೊಸೆ ಹೆದರಿ ಅಳುವುದೊಂದು ಬಾಕಿ. ಅಯ್ಯನವರಿಗೆ ಸಿಟ್ಟು ಬಂದಿದೆ, ಮನೆಗೆ ಏನೋ ಕೇಡು ಕಾದಿದೆ ಎಂದುಕೊಂಡು ಮೊರ ತುಂಬಾ ಜೋಳ ತಂದಳು. ಬೇಡವೆಂದರೆ ಕಾಲಿಗೆ ಬಿದ್ದಳು. ಆಕೆಯನ್ನು ಎಬ್ಬಿಸಿ, ಜೋಳ ವಾಪಸು ಕೊಟ್ಟು ಬರುವಷ್ಟರಲ್ಲಿ ಶಾಂತಯ್ಯನವರು ಬೆವತುಹೋದರು. ಗುರುಶಿದ್ದಪ್ಪ ತಲೆ ಕೆರೆದುಕೊಂಡು, ಹಂಗಾದರೆ ಈ ವರ್ಷ ಬೇಡ ಬಿಡ್ರಿ ಎಂದ. ಊರ ಅಗಸಿ ಬಾಗಿಲ ಹತ್ತಿರದ ಮನೆಯ ಚನ್ನಬಸವ್ವ ಮಾತ್ರ ಕಟ್ಟೆಯ ಮೇಲೆ ಕೂಡಿಸಿ ಎಲ್ಲ ಕೇಳಿಸಿಕೊಂಡಳು.

“ಬಾಂಬ್ ಇರ್ಲಿ ಅಂತೀನ್ರಿ ನಾ. ಇದ್ರ ಅವರು ಅಂಜತಾರ. ಜೋಳಾ ಕೊಡಂಗಿಲ್ಲ. ಚಾ ಇಟ್ಟೇನಿ, ಕುಡುದ ಹೋಗ್ರಿ.”

ಹಿರೇಮಠರ ಮನೆತನದಲ್ಲಿ ಬಾಗಿಲಿಂದ ಬರಿಗೈಯಲ್ಲಿ ಬಂದ ಮೊದಲ ಅಯ್ಯ ಇವರೇ ಇರಬೇಕು. ಚಹಾ ಕುಡಿದರು, ಸಕ್ಕರೆ ಹೆಚ್ಚಾಗಿತ್ತು. ಸಂಜೆಯ ಹೊತ್ತಿಗೆ ಚೀಲದ ತಳದಲ್ಲಿ ನಾಲ್ಕಾರು ಮನೆಯ ಹಿಡಿ ಬಿದ್ದಿತ್ತು. ಅವರೆಲ್ಲ ಪ್ರಶ್ನೆ ಕೇಳಿ, ವಾದ ಮಾಡಿ ಕೊಟ್ಟವರು.

ಮನೆಗೆ ಬಂದು ಚೀಲವನ್ನು ಹೆಂಡತಿ ದಾಕ್ಷಾಯಿಣಿಯವರ ಮುಂದೆ ಇಟ್ಟರು. ವರ್ಷವೂ ಮೊದಲ ಹಿಡಿ ಇದೇ ಅಡುಗೆಮನೆಯದು. “ನಮ್ಮನೀದು ಹಾಕು” ಎಂದರು.

ದಾಕ್ಷಾಯಿಣಿಯವರು ಏಳಲಿಲ್ಲ. “ಊರಿಗೆಲ್ಲಾ ಕೇಳಿ ಬಂದ್ರಿ. ನನ್ನ ಕೇಳೂದಿಲ್ಲೇನು?”

“ನಿನ್ನ ಏನ್ ಕೇಳೂದು?”

“ಅದ ಮತ್ತ. ಎಂದಾರ ಕೇಳೀರೇನು? ಹಾಕು ಅಂದ್ರಿ, ಹಾಕಿದೆ.”

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಬೇರೆ ಯಾರಾದರೂ ಅಂದಿದ್ದರೆ ಶಾಂತಯ್ಯನವರು ಜಗಳಕ್ಕೆ ನಿಲ್ಲುತ್ತಿದ್ದರು. ಈಗ ಎದುರಿಗೆ ಕೂತು ಹೇಳತೊಡಗಿದರು. ಜಗತ್ತು, ಮಾನವಕುಲ, ವಿನಾಶ ಎಂದೆಲ್ಲ ಬಂತು. “ಭಾಷಣಾ ಬ್ಯಾಡ್ರಿ, ನನಗ ಹೇಳ್ರಿ” ಎಂದರು ದಾಕ್ಷಾಯಿಣಿಯವರು. “ಇಬ್ಬರ ಕಡೆನೂ ಐತಿ. ಯಾರ ಮೊದಲ ಕೆಳಗ ಇಡಬೇಕು?”

“ಯಾರರೆ ಇಡಬೇಕಲ್ಲ. ನಾವ ಇಡೂದು.”

“ಅವರು ಇಡದಿದ್ರ?”

ಸರ್ಕಲ್ಲಿನಲ್ಲಿ ಆ ಪ್ರಶ್ನೆಗೆ ಶಾಂತಯ್ಯನವರು ಎಷ್ಟೋ ಸಲ ಉತ್ತರ ಕೊಟ್ಟಿದ್ದರು. ಆದರೆ ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಗಸು ಕಣ್ಣಿಟ್ಟು ನೋಡುತ್ತಿರುವಾಗ ಆ ಉತ್ತರ ಅವರಿಗೇ ಸಾಲದೆನಿಸಿತು. ನಾಚಿಕೆಯೂ ಆಯಿತು.

“ನನಗ ವಿಚಾರ ಮಾಡಗೊಡ್ರಿ” ಎಂದು ದಾಕ್ಷಾಯಿಣಿಯವರು ಎದ್ದರು.

ಮಂಗಳವಾರ ಕಳೆಯಿತು. ದಾಕ್ಷಾಯಿಣಿಯವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆರನೇ ತಾರೀಖು ಬುಧವಾರ ನಸುಕಿನಲ್ಲೇ ಎದ್ದು, ಮಂದಿ ಕೊಟ್ಟ ಜೋಳದ ಹಿಟ್ಟು ಕಲಸಿ, ಒಂದೊಂದಾಗಿ ರೊಟ್ಟಿ ಬಡಿದರು. ಬಟ್ಟೆಯಲ್ಲಿ ಕಟ್ಟಿ ಗಂಡನ ಕೈಗಿತ್ತು, “ಬಡಿಯೂದು ಬಡದೇನಿ. ಇದರಾಗ ನಮ್ಮ ಹಿಟ್ಟಿಲ್ಲ ಮತ್ತ” ಎಂದರು.

ಸರ್ಕಲ್ಲಿನಲ್ಲಿ ಫಲಕ ಹಿಡಿದ ಗೆಳೆಯ ಕಮರುದ್ದೀನ ಗಂಟು ಬಿಚ್ಚಿ ನೋಡಿದ. “ಯಾಕ್ರಿ ಹಿರೇಮಠ, ಈ ಸಲ ಇಷ್ಟ? ನಿಮ್ಮದು ಇಡೀ ಊರಿನ ರೊಟ್ಟಿ ಇರ್ತಿತ್ತಲ್ರಿ?”

“ಈ ಸಲ ಕೇಳಿ ತಂದೇನಿ” ಎಂದರು ಶಾಂತಯ್ಯನವರು. ಒಂದು ರೊಟ್ಟಿ ಮುರಿದು ಅವನ ಕೈಗಿಡುತ್ತ ಮಾತು ಮುಗಿಸಿದರು. “ನಮ್ಮ ಮನೀದು ಇನ್ನೂ ಬಂದಿಲ್ಲ.”