ಅಗಸಿ ಹಿಂಡಿಯ ಉಪ್ಪು

ಮಗ್ಗದ ಕುಣಿಯಿಂದ ಎದ್ದು ಬಂದ ನನ್ನ ಗಂಡ ಕಾಲು ತೋರಿಸಿದರು. ಬಾತಿದ್ದವು. ಬೆರಳಿನಿಂದ ಒತ್ತಿದೆ. ಗುಳಿ ಹಾಗೇ ಉಳಿಯಿತು.

ನರಗುಂದಕ್ಕೆ ಕುಂಪಣಿಯ ದಂಡು ಬಂದಿದ್ದ ಬೇಸಿಗೆ ಅದು. ಗಜೇಂದ್ರಗಡದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನನಗೆ ಮಾತ್ರ ಆ ಎರಡು ಕಾಲುಗಳದೇ ಚಿಂತೆ. ನರೇಗಲ್ಲಿನ ವೈದ್ಯರು ಬಂದು ನಾಡಿ ನೋಡಿ ಉಪ್ಪು, ಹುಳಿ, ಖಾರ ಎಲ್ಲ ಬಿಡಿಸಿದರು. ಗಂಡ ಒಬ್ಬರೇ ಸಪ್ಪೆ ಗಂಜಿ ಕುಡಿಯುವುದನ್ನು ನೋಡಲಾರದೆ ನಾನೂ ಉಪ್ಪು ಬಿಟ್ಟೆ. ಇಬ್ಬರೂ ಸಪ್ಪಗಾದರೆ ಮನೆಯಲ್ಲಿ ಜಗಳಾಡುವವರು ಯಾರು ಎಂದು ನಕ್ಕರು. ಬಿಸಿ ರೊಟ್ಟಿಗೆ ಉಪ್ಪು ಖಾರ ಹಾಕಿ ಕುಟ್ಟಿದ ಅಗಸಿ ಹಿಂಡಿ ಬೇಕೆಂದು ಆಗಾಗ ಕೇಳುತ್ತಿದ್ದರು. ನಾನು ಗದರಿಸುತ್ತಿದ್ದೆ. ಹೇಗಾದರೂ ಉಳಿಸಿಕೊಳ್ಳಬೇಕೆಂಬ ಹಟ.

ಬಾವು ಹೊಟ್ಟೆಗೇರಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವರ ಬೆನ್ನಿಗೆ ನನ್ನ ಬೆನ್ನು ಕೊಟ್ಟು ಕೂರುತ್ತಿದ್ದೆ. ಮುಖ ಕಾಣುವುದಿಲ್ಲವಲ್ಲ, ಇಬ್ಬರಿಗೂ ಅಳಲು ಅನುಕೂಲವಾಗಿತ್ತು.

ಒಂದು ಮುಂಜಾನೆ ವೈದ್ಯರು ನಾಡಿಯನ್ನು ಬಹಳ ಹೊತ್ತು ಹಿಡಿದರು. "ಇನ್ನ ಪಥ್ಯ ಬ್ಯಾಡವ್ವಾ. ಕೇಳಿದ್ದು ಕೊಡು," ಎಂದರು.

ಗುಣವಾಯಿತು ಎಂದುಕೊಂಡೆ.

ಪಕ್ಕದ ಮನೆಯ ಗೌರಕ್ಕನಿಗೆ ಓಡಿಹೋಗಿ ಹೇಳಿದೆ. ಆಕೆ ಬಾಯಿಗೆ ಸೆರಗು ಹಿಡಿದಳು. ನನ್ನ ಜೊತೆ ಬಂದು ಅಗಸಿ ಹುರಿದಳು, ಬೆಳ್ಳುಳ್ಳಿ ಸುಲಿದಳು. ನಾನು ಕುಟ್ಟಿದೆ, ರುಚಿ ನೋಡಲಿಲ್ಲ. ನನ್ನ ಗಂಡ ಒಂದು ಚೂರು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಚಪ್ಪರಿಸಿದರು. "ಚಲೋ ಆಗೇತಿ. ನೀನೂ ಉಣ್ಣು," ಎಂದರು. ನೀವು ಮಗ್ಗಕ್ಕೆ ಇಳಿದ ದಿನ ಉಣ್ಣುತ್ತೇನೆ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ವೈದ್ಯರ ಮಾತಿನ ಅರ್ಥ ಆಗ ನನಗೆ ಹೊಳೆಯಿತು. ನನ್ನ ಗಂಡನಿಗೆ ಮೊದಲೇ ಗೊತ್ತಿತ್ತು.

ಮಾರನೆಯ ದಿನ ನನ್ನ ಬೆನ್ನ ಮೇಲಿನ ಭಾರ ಹೆಚ್ಚಾಯಿತು.

ಹೋಗಿದ್ದರು.

ಮಣ್ಣು ಮಾಡಿ ಬಂದ ಮೇಲೆ ಓಣಿಯವರು ಬುತ್ತಿ ತಂದರು, ಉಣ್ಣೆಂದು ಬುದ್ಧಿ ಹೇಳಿದರು. ನಾನು ಸಪ್ಪೆ ಗಂಜಿಯನ್ನೇ ಕುಡಿದೆ. ಉಪ್ಪು ಮುಟ್ಟಿದರೆ ಅವರನ್ನು ಪೂರ್ತಿ ಬಿಟ್ಟುಕೊಟ್ಟಂತೆ ಅನಿಸುತ್ತಿತ್ತು. ಗೌರಕ್ಕ ಮಾತ್ರ ಬುದ್ಧಿ ಹೇಳಲಿಲ್ಲ. ದಿನವೂ ಬಂದು ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದಳು. ಆ ಬೆನ್ನು ಇಲ್ಲದಿದ್ದರೆ ನಾನು ಏಳುತ್ತಿರಲಿಲ್ಲ.

ಒಂದು ದಿನ ಆಕೆ ಉಳಿದಿದ್ದ ಹಿಂಡಿಯನ್ನು ರೊಟ್ಟಿಗೆ ಹಚ್ಚಿ, ಕೂತಲ್ಲಿಂದಲೇ ಕೈ ಹಿಂದೆ ಚಾಚಿದಳು.

"ಅಂವಾ ಹೇಳಿ ಹೋಗ್ಯಾನ, ನೀಲವ್ವಾ. ಉಣ್ಣು."

ಒಂದು ತುತ್ತು ಉಂಡೆ. ಸಂಭ್ರಮದಲ್ಲಿ ಎರಡು ಸಲ ಹಾಕಿದ್ದೆನೋ ಏನೋ, ಬಾಯಿಗಿಡಲಾಗದಷ್ಟು ಉಪ್ಪು.

ಚಲೋ ಆಗೇತಿ ಎಂದಿದ್ದರು.