ಮಾವನನ್ನು ಖಳನಿಂದ ಬಿಡಿಸಲು ಹೋದ ದಿನ

ನೆರೆದಿರುವ ಮಹಾಜನರೇ, ಮೊಬೈಲು ಕೈಯಲ್ಲೇ ಇರಲಿ, ಕಿವಿ ಮಾತ್ರ ಇತ್ತ ಕೊಡಿ!

ಇಂದು ಮಗಳು ನೋಡುತ್ತಿದ್ದ ಧಾರಾವಾಹಿಯಲ್ಲಿ, ಜನರ ಮನಸ್ಸನ್ನೇ ವಶಮಾಡಿಕೊಂಡ ಖಳನನ್ನು ಮಹಾವೀರನೊಬ್ಬ ಸೋಲಿಸಿದ. ನನಗೆ ಪಂಜ ಎಂಬ ಊರಿನ ಅಜ್ಜಿಮನೆಯ ಜಗಲಿ ನೆನಪಾಯಿತು.

ನಾನು ಚಿಕ್ಕವನಿದ್ದಾಗ ಅಲ್ಲಿ ಸೋದರಮಾವ ಗೋಡೆ ನೋಡುತ್ತ ಕೂತಿರುತ್ತಿದ್ದರು. ನಾಟಕದಲ್ಲಿ ರಾಕ್ಷಸನಾಗಿ ಊರನ್ನೇ ನಡುಗಿಸಿದವರು, ಬುದ್ಧಿ ಕಲಕಿ ಮಾತು ಬಿಟ್ಟು ವರ್ಷವಾಗಿತ್ತು. ಪಕ್ಕದ ಮನೆಯ ಟಿವಿಯಲ್ಲಿ ಇಂಥದ್ದೇ ಕಂತು ನೋಡಿ ಬಂದ ನಾನು, ಮಾವನನ್ನೂ ಒಬ್ಬ ಖಳ ಹಿಡಿದಿದ್ದಾನೆಂದು ನಂಬಿದೆ. ಮೈ ಒರೆಸುವ ಬೈರಾಸನ್ನು ವೀರನಂತೆ ಬೆನ್ನಿಗೆ ಕಟ್ಟಿಕೊಂಡು ಎದುರು ನಿಂತು ಗರ್ಜಿಸಿದೆ: "ಎಲವೋ ದುಷ್ಟ, ಇವರ ಮನಸ್ಸನ್ನು ಬಿಟ್ಟು ತೊಲಗು!"

ಮಾವ ದಿಗ್ಗನೆ ಎದ್ದರು. "ಯಾರೆಲೋ ಬಾಲಕ! ಮೂರು ಲೋಕ ಗೆದ್ದವನಿಗೇ ಅಪ್ಪಣೆಯೇ?" ಅದೇ ಹಳೆಯ ಕಂಠ!

ಅಜ್ಜಿ ಒಲೆ ಬಿಟ್ಟು ಓಡಿಬಂದರು. "ಮಗ ಮಾತಾಡಿದ!" ಎಂದು ಅಳುತ್ತ ಮಾವನ ಕೈ ಹಿಡಿದರು. "ನಾನು ಯಾರು ಹೇಳು ಮಗಾ, ಗೊತ್ತುಂಟಾ?"

ಮಾವ ಅಜ್ಜಿಯನ್ನು ಅಪರಿಚಿತರಂತೆ ನೋಡಿದರು. ಆಮೇಲೆ ನನ್ನತ್ತ ತಿರುಗಿ ಮುಂದಿನ ಮಾತಿಗೆ ಕಾದರು. ಎದುರು ಪಾತ್ರ ಮಾತಾಡಿದರೆ ಉತ್ತರ ಕೊಡುವ ಅಭ್ಯಾಸವೊಂದೇ ಅವರಲ್ಲಿ ಉಳಿದಿತ್ತು. ನನಗೆ ಮಾತು ಹೊಳೆಯಲಿಲ್ಲ. ಅವರು ಮತ್ತೆ ಗೋಡೆಗೆ ತಿರುಗಿ ಕೂತರು.

"ಇನ್ನೊಂದು ಹೇಳು ಮಾರಾಯ, ಎಂತಾದ್ರೂ ಹೇಳು," ಅಜ್ಜಿ ನನ್ನ ಭುಜ ಅಲುಗಿಸಿದರು. ನಾನು ಹೆದರಿ ಓಡಿಬಿಟ್ಟೆ. ಮತ್ತೆಂದೂ ಮಾವನೆದುರು ಬಾಯಿ ತೆರೆಯಲಿಲ್ಲ.

ಅಜ್ಜಿ ಈಗಿಲ್ಲ. ಮಾವ ಇದ್ದಾರೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಪಂಜಕ್ಕೆ ಹೋಗಿ, ಗಂಟಲು ಒಡೆಯುವವರೆಗೂ ಅವರನ್ನು ಯುದ್ಧಕ್ಕೆ ಕರೆಯುತ್ತೇನೆ.